ಶೇವಂತಾಳ ಮಗಳ ಮೊದಲ ಮಾತು

ಶೇವಂತಾ ಹುಟ್ಟುಕಿವುಡಿ, ಮಾತೂ ಬಾರದು. ತಾಸಗಾಂವಿನ ಶೆಡ್ಡೊಂದರಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸುವ ಕೆಲಸ ಅವಳದು.

ಮಗಳು ಉಜ್ವಲಾ ಹುಟ್ಟಿದಾಗ ಅತ್ತೆ ಹೌಸಾಬಾಯಿ ದಿನಾ ಅದು ಹಾಲು ಕುಡಿದ ಮೇಲೆ ಕೂಸನ್ನು ಪಾದಗಳ ಮೇಲೆ ಕೂರಿಸಿಕೊಂಡು, ಉಚ್ಚೆ ಹೊಯ್ಯಲೆಂದು "ಶೂ..." ಎನ್ನುತ್ತಿದ್ದಳು. ಊರಿನ ತಾಯಂದಿರೆಲ್ಲ ಮಾಡುವುದೇ. ಶೇವಂತಾಗೆ ಕಾಣುತ್ತಿದ್ದದ್ದು ಮುಂದಕ್ಕೆ ಚಾಚಿದ ಅತ್ತೆಯ ತುಟಿ ಮಾತ್ರ. ಅಲ್ಲಿಂದ ಏನು ಹೊರಡುತ್ತದೆ ಎಂದು ತಿಳಿಯದೆ ಒಮ್ಮೆ ಅಂಗೈ ಅಡ್ಡ ಹಿಡಿದಳು. ಗಾಳಿ ತಾಕಿತು. ಗಾಳಿಗೇ ಉಚ್ಚೆ ಬರುವುದೆಂದುಕೊಂಡು, ತನ್ನ ಸರದಿ ಬಂದಾಗ ಕೂಸಿನ ಕತ್ತಿನ ಹಿಂದೆ ಮೆಲ್ಲಗೆ ಊದಿದಳು. ಕೂಸು ಒಮ್ಮೆ ಜುಮ್ಮೆಂದು ನಡುಗಿ ಉಚ್ಚೆ ಹೊಯ್ದಿತು.

"ಒಲಿ ಊದಿದಂಗ ಊದ್ತಾಳ ನೋಡ್ರಿ," ಎಂದು ಹೌಸಾಬಾಯಿ ನೆರೆಯವರೊಡನೆ ನಕ್ಕಳು.

ವರ್ಷ ಕಳೆದು ಮತ್ತಷ್ಟು ತಿಂಗಳಾದರೂ ಉಜ್ವಲಾ ಮಾತಾಡಲಿಲ್ಲ. ನಗು ಹೋಗಿ ಹೆದರಿಕೆ ಹತ್ತಿತು. "ಇಕಿ ಹತ್ರ ಬಿಟ್ರ ಇದೂ ಮೂಕಿ ಆಗ್ತದ," ಎಂದು ಅತ್ತೆ ಕೂಸನ್ನು ತನ್ನ ಮಗ್ಗುಲಿಗೇ ಹಾಕಿಕೊಂಡಳು. ಎತ್ತಿಕೊಳ್ಳಲು ಬಂದ ತಾಯಿಯ ಕೈಯನ್ನು ಸರಿಸಿದಳು. ಶೇವಂತಾ ಜಗಳಕ್ಕೆ ನಿಲ್ಲಲಿಲ್ಲ. ಮನೆಗೆ ಬಂದರೆ ಬಾಗಿಲ ಬಳಿ ಕೂತು ಮಗಳನ್ನು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಉಜ್ವಲಾ ಅಜ್ಜಿಯ ತೊಡೆಯಿಂದ ಇಳಿದು ತನ್ನ ಲಂಗ ಹಿಡಿದುಕೊಂಡು, "ಫೂ," ಎಂದಳು.

"ಏನವ್ವಾ?"

ಕೂಸು ಬಾಗಿಲ ಬಳಿ ಕೂತಿದ್ದ ತಾಯಿಯತ್ತ ಬೆರಳು ತೋರಿಸಿ ಮತ್ತೆ "ಫೂ," ಎಂದಿತು. ಅಷ್ಟರಲ್ಲಿ ನೆಲ ಒದ್ದೆಯಾಯಿತು.

ಹೌಸಾಬಾಯಿಗೆ ಅರ್ಥವಾಯಿತು. ಎದ್ದು ಸೊಸೆಯ ರಟ್ಟೆ ಹಿಡಿದು ಒಳಗೆ ಕರೆತಂದಳು. ನೆಲ ಒರೆಸಲು ಕರೆದಳೆಂದು ಶೇವಂತಾ ಬಟ್ಟೆಗೆ ಕೈ ಹಾಕಿದಳು. ಅತ್ತೆ ಅದನ್ನು ಕಿತ್ತುಕೊಂಡು, ಕೂಸನ್ನು ಅವಳ ಮಡಿಲಿಗೆ ಕೊಟ್ಟು, ತಾನೇ ಬಗ್ಗಿ ಒರೆಸಿದಳು.

ಸಂಜೆ ತನ್ನ ಮಗ, ಶೇವಂತಾಳ ಗಂಡ ದಗಡು ಮನೆಗೆ ಬಂದಾಗ, "ಕೂಸು ಮಾತಾಡ್ತಪ್ಪಾ. ಅವರವ್ವನ ಮಾತು," ಎಂದಷ್ಟೇ ಹೇಳಿದಳು.

ಮುಂದೆ ಉಜ್ವಲಾ ಬಾಲವಾಡಿಗೆ ಹೋಗತೊಡಗಿದಾಗ ಅಲ್ಲಿಯ ಟೀಚರು ಮನೆಗೇ ಬಂದರು. "ಆಜಿ, ಇವಳು ಫೂ ಫೂ ಅಂತಾಳ. ನನಗ ತಿಳಿಯೂದ್ರಾಗ ಲಂಗ ಒದ್ದಿ ಆಗಿರ್ತದ. ಹುಡುಗ್ರು ನಗ್ತಾರ. ಎಲ್ಲಾರಂಗ ಶೂ ಅನ್ನೂದು ಕಲಿಸ್ರಿ."

"ಶೂ ಅಂತ ಮೊದಲ ಯಾವ ತಾಯಿ ಅಂದ್ಲೋ ನನಗ ಗೊತ್ತಿಲ್ಲ, ಟೀಚರಬಾಯಿ. ಉಚ್ಚಿ ಸಪ್ಪಳ ಕೇಳಿ ಅಂದಿದ್ದಾಳು. ನಮ್ಮ ಶೇವಂತಾಗ ಆ ಸಪ್ಪಳ ದೇವರು ಕೊಡಲಿಲ್ಲ. ಆಕಿ ತನಗ ತಿಳದಂಗ ಮಾಡಿದ್ಲು. ನೀವ ಕಲೀರಿ."

ಟೀಚರು ಶೇವಂತಾಳ ಕಡೆ ನೋಡಿದರು. ಏನು ತಪ್ಪಾಯಿತೋ ಎಂದು ಅವಳು ಅತ್ತೆಯ ಮುಖ ನೋಡಿದಳು.

ಉಜ್ವಲಾ ಕೆಲವೇ ದಿನಗಳಲ್ಲಿ ಬೇರೆ ಮಕ್ಕಳಿಂದ ಶೂ ಕಲಿತಳು, ಯಾರೂ ಹೇಳಿಕೊಡಬೇಕಾಗಲಿಲ್ಲ. ಮರುವರ್ಷ ಶೇವಂತಾ ಗಂಡುಮಗು ಹೆತ್ತಳು. ಆಗ ಹೌಸಾಬಾಯಿ ತನ್ನ ಹಾಸಿಗೆಯನ್ನು ಪಡಸಾಲೆಗೆ ಸಾಗಿಸಿ, ಎರಡೂ ಮಕ್ಕಳನ್ನು ತಾಯಿಯ ಬಳಿಯೇ ಮಲಗಿಸಿದಳು.