ಹಲ್ಲಕ್ಕ ಕಟ್ಟಿದ ಓಟದ ಗಾಡಿ

ಹಲ್ಲಿನ ಡಾಕ್ಟರರ ಕೋಣೆಗಳ ಹಿಂದೆ, ಕಿಟಕಿಯೇ ಇಲ್ಲದ ಕಿರುಕೋಣೆಯಲ್ಲಿ ಕೂತು ಅವಳು ಊರ ಮಂದಿಗೆ ಹಲ್ಲು ಮಾಡುತ್ತಿದ್ದಳು. ಬಾಯಿಯ ಅಚ್ಚು ಬಂದರೆ ಅದಕ್ಕೆ ಪ್ಲಾಸ್ಟರ್ ಸುರಿಯುವುದು, ಮೇಣದಲ್ಲಿ ವಸಡು ಕೆತ್ತುವುದು, ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಡುವುದು. ಆ ಹಲ್ಲಿನಿಂದ ನಕ್ಕವರು ಯಾರೂ ಅವಳ ಮುಖ ಕಂಡವರಲ್ಲ. ಅಲ್ಲಿ ಎಲ್ಲರಿಗೂ ಅವಳು ‘ಹಲ್ಲಕ್ಕ’. “ಊರಿಗೆಲ್ಲ ಹಲ್ಲು ಕೊಡ್ತಾಳೆ, ತಾನು ಮಾತ್ರ ಹಲ್ಲು ಬಿಡಲ್ಲ” ಎಂದು ಕಸ ಗುಡಿಸುವಾಕೆ ಆಡಿಕೊಳ್ಳುತ್ತಿದ್ದಳು.

ಹಲ್ಲು ಬಿಡಲು ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದವನು ಅಣ್ಣನೊಬ್ಬ.

ಅಣ್ಣನಿಗೆ ಡ್ರ್ಯಾಗ್ ರೇಸಿನ ಹುಚ್ಚು. ತಿರುವಿಲ್ಲದ ನೆಟ್ಟನೆ ರಸ್ತೆ, ಅಕ್ಕಪಕ್ಕ ಎರಡು ಗಾಡಿ, ಉಸಿರು ಬಿಡುವುದರೊಳಗೆ ಮುಗಿದುಹೋಗುವ ಓಟ. ಓಡಿದ ಗಾಡಿಯನ್ನು ನಿಲ್ಲಿಸಲು ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಬೇಕು. ಅವಳಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು ದಿನವೂ ಓಟದ ಕಡೆ ತಲೆ ಹಾಕಿದವಳಲ್ಲ. ಶೆಡ್ಡಿನಲ್ಲಿ ನಿಂತಿದ್ದ ಗಾಡಿಯ ಟಾರ್ಪಾಲನ್ನೂ ಎತ್ತಿ ನೋಡಿದವಳಲ್ಲ. ಒಂದು ಓಟದಲ್ಲಿ ಎಂಜಿನ್ನು ಸಿಡಿಯಿತು. ಅವಳು ನೋಡಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ ಬಟ್ಟೆ ಸುತ್ತಿದ ಒಂದು ಆಕಾರವನ್ನು. ಕಣ್ಣೆರಡೂ ಹೋಗಿದ್ದವು. ಹೊಗೆ ಕುಡಿದ ಪುಪ್ಪುಸ ಸೀದುಹೋಗಿತ್ತು. ಕೈಗಳು ಉಳಿದರೂ ಬೆರಳ ತುದಿಗಳು ಸತ್ತಿದ್ದವು. ಬಿಸಿ ಲೋಟ ಯಾವುದು, ತಣ್ಣನೆಯದು ಯಾವುದು ಎಂದೂ ತಿಳಿಯುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅವನು ಮಂಚ ಬಿಟ್ಟು ಏಳಲಿಲ್ಲ, ಏನನ್ನೂ ಕೇಳಲಿಲ್ಲ. ಹಾಕಿದ್ದು ತಿಂದ, ಮಲಗಿಸಿದರೆ ಮಲಗಿದ. ಅವಳಿಗೆ ಬಂದ ಸಂಬಂಧವೊಂದು “ಅವನನ್ನೂ ಕರ್ಕೊಂಡು ಬರ್ತಾಳಾ?” ಎಂಬ ಪ್ರಶ್ನೆಯಲ್ಲೇ ಮುರಿದುಬಿತ್ತು. ಅದನ್ನು ಅವಳು ಅಣ್ಣನಿಗೆ ಹೇಳಲಿಲ್ಲ. ಅವನಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನಾಗಿಯೇ ಬಾಯಿ ಬಿಟ್ಟ.

“ಪುಟ್ಟೀ, ನಿನಗೆ ಮೇಣದಲ್ಲಿ ಏನು ಬೇಕಾದ್ರೂ ಮಾಡಕ್ಕೆ ಬರುತ್ತಲ್ಲ. ನನಗೊಂದು ಗಾಡಿ ಮಾಡಿಕೊಡ್ತೀಯಾ?”

“ಅಂಗಡೀಲಿ ಸಿಗುತ್ತೆ, ತಂದುಕೊಡ್ತೀನಿ.”

“ಅಂಗಡೀದು ಬೇಡ. ನಾನು ಹೇಳ್ತೀನಿ, ನೀನು ಮಾಡು.”

“ಈ ಮನೇಲಿ ಆ ಗಾಡಿ ಹೆಸರು ಎತ್ತಬೇಡ ಅಂದಿದ್ದೆ, ಮರೆತುಹೋಯ್ತಾ?”

ಅವನು ಗೋಡೆಯ ಕಡೆ ಹೊರಳಿದ. ಇಷ್ಟು ದಿನ ಏನೂ ಬೇಡದವನು ಬೇಡಿದ್ದು ಇದೊಂದೇ ಎಂಬುದು ಪಾತ್ರೆ ತೊಳೆಯುವಾಗ ಅವಳಿಗೆ ಹೊಳೆಯಿತು. ಮರುದಿನ ಮೇಣದ ಗಟ್ಟಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಬಂದಳು.

ನಿಜದ ಗಾಡಿಯ ಪ್ರತಿ ಎಂಟು ಅಡಿ ಇಲ್ಲಿ ಒಂದು ಅಡಿಗೆ ಇಳಿಯುವ ಅಳತೆ. ಭಾನುವಾರ ಬಂತೆಂದರೆ ಅವನು ಹೇಳುತ್ತಿದ್ದ, ಅವಳು ಕೆತ್ತುತ್ತಿದ್ದಳು. ಎಂಜಿನ್ನಿನ ತಲೆಯ ಮೇಲೆ ಕೂತು ಗಾಳಿ ತುರುಕುವ ಬ್ಲೋವರನ್ನು ಮೇಣದಲ್ಲಿ ಮಾಡಿ, ಹಲ್ಲಿನ ಲೋಹದಲ್ಲೇ ಎರಕ ಹೊಯ್ದಳು. ಅದನ್ನು ತಿರುಗಿಸುವ ಬೆಲ್ಟಿಗೆ ಬಾಯಿಯ ಅಚ್ಚು ತೆಗೆಯುವ ರಬ್ಬರು. ಪೆಟ್ರೋಲಿನ ಕೊಳವೆಗಳಿಗೆ ಇಂಜೆಕ್ಷನ್ ಸೂಜಿ. ಪ್ಲಗ್ಗಿನ ವೈರಿಗೆ, ಕೆಟ್ಟುಹೋದ ಇಯರ್‌ಫೋನಿನೊಳಗಿನ ಕೂದಲೆಳೆಯಂಥ ತಂತಿ. ಚಾಲಕನನ್ನು ಕಾಯುವ ಕೊಳವೆಗಳ ಪಂಜರವನ್ನು ಹಲ್ಲು ಬಿಗಿಯುವ ಉಕ್ಕಿನ ತಂತಿಯಲ್ಲಿ ಬಗ್ಗಿಸಿದಳು.

ಬೆರಳಿಗೆ ಏನೂ ತಿಳಿಯದ್ದರಿಂದ ಅವನು ಪ್ರತಿಯೊಂದನ್ನೂ ಕೆಳತುಟಿಗೆ ಒತ್ತಿ ನೋಡುತ್ತಿದ್ದ. ಕೂಸು ಹೊಸ ಆಟಿಕೆಯನ್ನು ಬಾಯಿಗೆ ಒಯ್ಯುವ ಹಾಗೆ. ಮೊದಮೊದಲು ಅವಳು ಮುಖ ತಿರುಗಿಸುತ್ತಿದ್ದಳು.

“ಇಲ್ಲೊಂದು ಬೋಲ್ಟು ಇಲ್ಲವಲ್ಲ?”

“ಕೆಳಗಡೇದು ಅಣ್ಣಾ, ಕಾಣಲ್ಲ.”

“ನನಗೆ ಕಾಣೋದು ಯಾವುದಿದೆ? ಹಾಕು.”

ಹಾಕಿದಳು. ಅವನು ಪಂಜರದ ಮುಂಭಾಗ ಇನ್ನೂ ಉದ್ದವಾಗಲಿ ಎಂದ. ಓಡಿಸುವವನ ಕಾಲು ಮುಂದಿನ ಚಕ್ರದ ಹತ್ತಿರ ಬರಬೇಕು ಎಂದ. ಬೆನ್ನಿಗೂ ಎಂಜಿನ್ನಿಗೂ ನಡುವೆ ದಪ್ಪ ತಗಡು ಬೇಕೇ ಬೇಕು ಎಂದು ಹಟ ಹಿಡಿದ. ಮೂರು ಸಲ ಬಿಚ್ಚಿಸಿ ಕಟ್ಟಿಸಿದ.

“ನಿನ್ನ ಕಾಟ ಹೀಗೇ ಆದ್ರೆ ನಾಳೆ ಯಾವುದೋ ಅಜ್ಜಿ ಬಾಯಿಗೆ ಎಂಜಿನ್ ಕೂರಿಸಿ ಬರ್ತೀನಿ ನೋಡು!”

ಅವನು ನಕ್ಕುಬಿಟ್ಟ. ಸುಟ್ಟ ಚರ್ಮಕ್ಕೆ ನಗು ಅಭ್ಯಾಸ ತಪ್ಪಿತ್ತು. ತುಟಿಯ ಅಂಚು ಬಿರಿದು ರಕ್ತ ಜಿನುಗಿತು. ಅವಳು ಹತ್ತಿ ಒತ್ತಿಕೊಂಡು ಕೂತಳು. ಹತ್ತಿಯ ಕೆಳಗೆ ಅವನು ಇನ್ನೂ ನಗುತ್ತಲೇ ಇದ್ದ.

ಚಳಿ ಬಂದಾಗ ಕೆಮ್ಮು ಹಿಡಿಯಿತು. ಆ ಪುಪ್ಪುಸಕ್ಕೆ ಕೆಮ್ಮನ್ನು ತಡೆಯುವ ಶಕ್ತಿ ಉಳಿದಿರಲಿಲ್ಲ. ಗಾಡಿಗೆ ಎಂಜಿನ್ನಾಗಿತ್ತು, ಪಂಜರವಾಗಿತ್ತು, ಚಕ್ರವಾಗಿತ್ತು. ಮೇಲಿನ ಹೊದಿಕೆಯೊಂದು ಬಾಕಿ. “ಹೊದಿಕೆ ಹೇಗಿರಬೇಕು ಅಂತ ನಾಳೆ ಹೇಳ್ತೀನಿ” ಎಂದವನು ನಾಳೆಯನ್ನು ಕಾಣಲಿಲ್ಲ.

ಕೆಲವು ವಾರ ಕಳೆದ ಮೇಲೆ ಗ್ರೀಸಣ್ಣ ಬಂದ. ಅಣ್ಣನ ಗಾಡಿ ಕಟ್ಟಿದ ಮೆಕ್ಯಾನಿಕ್ಕು ಅವನು. ಉಗುರು ಸಂದಿಯಿಂದ ಗ್ರೀಸು ಹೋಗದ ಕಾರಣ ಆ ಹೆಸರು. ಕೆಲಸ ಹುಡುಕಿ ದೂರ ಹೋಗಿದ್ದವನಿಗೆ ಸುದ್ದಿ ತಡವಾಗಿ ಮುಟ್ಟಿತ್ತು. ಅವಳು ಗಾಡಿ ತಂದು ಮೇಜಿನ ಮೇಲಿಟ್ಟಳು.

“ಅಣ್ಣ ಹೇಳಿ ಮಾಡಿಸಿದ್ದು. ನಿಮ್ಮದೇ ಗಾಡಿ, ನೋಡಿ.”

ಗ್ರೀಸಣ್ಣ ಕನ್ನಡಕ ಏರಿಸಿ ಬಗ್ಗಿದ. ಬ್ಲೋವರಿನ ಬೆಲ್ಟು ಮುಟ್ಟಿ ತಲೆದೂಗಿದ. ಆಮೇಲೆ ತಲೆದೂಗುವುದು ನಿಂತಿತು.

“ಇದು ನಮ್ಮ ಗಾಡಿ ಅಲ್ಲ, ತಂಗಿ.”

“ಅಲ್ಲ ಅಂದ್ರೆ?”

“ನಮ್ಮದರಲ್ಲಿ ಎಂಜಿನ್ ಮುಂದೆ ಇತ್ತು. ಅದರ ಹಿಂದೆ, ಮೊಣಕಾಲಿಗೆ ತಾಗೋ ಹಾಗೆ ಕೂತು ಓಡಿಸಬೇಕಾಗಿತ್ತು. ಅದಕ್ಕೇ ಸಿಡಿದಾಗ ಎಣ್ಣೆ, ಬೆಂಕಿ ಎಲ್ಲ ನೇರ ಮುಖಕ್ಕೇ...” ಅವನು ಬೆರಳನ್ನು ಗಾಡಿಯ ಹಿಂಭಾಗಕ್ಕೆ ಸರಿಸಿದ. “ಇದರಲ್ಲಿ ಎಂಜಿನ್ ಬೆನ್ನ ಹಿಂದಿದೆ. ನಡುವೆ ತಗಡೂ ಇದೆ. ಸಿಡಿದ್ರೂ ಬೆಂಕಿ ಹಿಂದಕ್ಕೆ ಹೋಗ್ತಿತ್ತು.”

ಅವಳು ತಂದಿಟ್ಟಿದ್ದ ಟೀಯ ಮೇಲೆ ಕೆನೆ ಕಟ್ಟಿತು.

“ಇದು ಓಡ್ತಿತ್ತಾ?” ಅವಳು ಕೇಳಿದಳು.

ಗ್ರೀಸಣ್ಣ ಕೊಳವೆಗಳ ಜಾಡು ಹಿಡಿದು ಮೂತಿಯಿಂದ ಬಾಲದವರೆಗೆ ನೋಡಿದ.

“ಓಡ್ತಿತ್ತು. ಚೆನ್ನಾಗೇ ಓಡ್ತಿತ್ತು. ಇಳಿದು ನಡ್ಕೊಂಡು ಮನೆಗೆ ಬರ್ತಿದ್ದ.”

ಗ್ರೀಸಣ್ಣ ಹೋದ ಮೇಲೆ ಅವಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಭಾನುವಾರ ಎದುರುಬದುರು ಕೂತು ಅಣ್ಣ ಒಂದು ಮಾತು ಹೇಳಲಿಲ್ಲವಲ್ಲ! ಸತ್ತ ಗಾಡಿಗೆ ಇಬ್ಬರೂ ಸೇರಿ ಅಳುತ್ತಿದ್ದೇವೆ ಎಂದುಕೊಂಡಿದ್ದಳು ಅವಳು. ಅವನೋ ಹೊಸದರಲ್ಲಿ ಹತ್ತಿ ಕೂತಿದ್ದ. ಹೇಳಿದ್ದರೆ ತಾನು ಕೇಳುತ್ತಿದ್ದೆನೇ? ಮೇಣವನ್ನು ಕಸದ ಬುಟ್ಟಿಗೆ ಎಸೆದು ಎದ್ದುಹೋಗುತ್ತಿದ್ದೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಅನ್ನಿಸಿದ ಮೇಲೆ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಾಯಿತು. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಹೊದಿಕೆಯನ್ನು ಅವಳು ಮಾಡಲೇ ಇಲ್ಲ. ಯಾವ ಆಕಾರ, ಯಾವ ಬಣ್ಣ ಎಂದು ಕೇಳೋಣವೆಂದರೆ ಹೇಳುವವನಿಲ್ಲ. ತಾನಾಗಿ ಊಹಿಸಿ ಹೊದಿಸಲು ಕೈ ಏಳಲಿಲ್ಲ. ಬೆತ್ತಲೆ ಗಾಡಿ ಈಗ ಅವಳ ಕೆಲಸದ ಕೋಣೆಯ ಕಪಾಟಿನಲ್ಲಿದೆ, ಪ್ಲಾಸ್ಟರಿನ ದವಡೆಗಳ ಸಾಲಿನ ನಡುವೆ. ಹೊಸದಾಗಿ ಸೇರಿದ ನರ್ಸೊಬ್ಬಳು ಮೊನ್ನೆ ಬಗ್ಗಿ ನೋಡಿ, “ಅಬ್ಬಾ, ಎಷ್ಟು ಸೂಕ್ಷ್ಮ! ನೀವೇ ಮಾಡಿದ್ದಾ ಹಲ್ಲಕ್ಕಾ?” ಎಂದಳು.

“ಕೈ ನಂದು,” ಎಂದಳು ಅವಳು, ಉಜ್ಜುವ ಚಕ್ರ ನಿಲ್ಲಿಸದೆಯೇ. “ಗಾಡಿ ನಮ್ಮಣ್ಣಂದು.”