ಕುಡಿಯದ ದಿನಗಳ ಗುಡ್ಡೆ

ನಿಮ್ಮ ಅಪ್ಪ ಕುಡಿತ ಬಿಟ್ಟ ಮೇಲೂ ನಾವು ನಿಮ್ಮನ್ನು ಹಿರೇಕೆರೂರಿಗೆ, ಅವನ ಮನೆಗೆ, ಯಾಕೆ ಕಳಿಸಲಿಲ್ಲ ಎಂದು ನೀವಿಬ್ಬರೂ ಕೇಳಿದ್ದಿರಿ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ಏಳನೆಯ ಇಯತ್ತೆಯವರೆಗೆ ಕಲಿತಷ್ಟರಲ್ಲಿ ಬರೆಯುತ್ತೇನೆ.

ನನ್ನ ಮಗಳು, ನಿಮ್ಮ ಅವ್ವ, ನಿಮ್ಮಿಬ್ಬರನ್ನು ಕರೆದುಕೊಂಡು ಸವಣೂರಿನ ನಮ್ಮ ಮನೆಗೆ ಬಂದಿಳಿದಾಗ ಅವಳ ಎಡಗೈ ಮುರಿದಿತ್ತು. ನಿಮ್ಮ ಅಪ್ಪ ಆ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಬಡಿದಿದ್ದ. ಕಿವಿಯ ಹಿಂದೆ ಕೂದಲು ಕಿತ್ತುಬಂದು ಚರ್ಮ ಕೆಂಪಗೆ ಕಾಣುತ್ತಿತ್ತು. ಅದಕ್ಕೂ ಮುಂಚೆ ಎರಡು ಸಲ ಹೀಗೆ ಬಂದಿದ್ದಳು. ಎರಡೂ ಸಲ ನಾನೇ ಉಡಿ ತುಂಬಿ ವಾಪಸ್ ಕಳಿಸಿದ್ದೆ. ಕುಡಿತ ಬಿಟ್ಟರೆ ಹೊಡೆಯುವುದನ್ನೂ ಬಿಡುತ್ತಾನೆ ಎಂದು ನಂಬಿದ್ದೆ.

ಈ ಸಲ ಅವನು ಅಂಗೈಯಲ್ಲಿ ಲಿಂಗ ಹಿಡಿದು, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದ ಸುದ್ದಿ ಬಂತು. ಸೋಮವಾರ ಅವಳನ್ನು ಕಳಿಸುವುದಾಗಿ ಹಿರೇಬೆಂಡಿಗೇರಿಯ ನನ್ನ ಮೈದುನ ನಮ್ಮ ಮನೆಯ ಪರವಾಗಿ ಮಾತು ಕೊಟ್ಟುಬಿಟ್ಟ.

"ಈ ಸಲ ಹೋದ್ರ ನಾ ಉಳಿಯೂದಿಲ್ಲವ್ವಾ," ಅಂದಳು ನಿಮ್ಮ ಅವ್ವ.

ನಮ್ಮ ಮುಂದಿನ ಕೋಣೆಯಲ್ಲಿ ಆಗ ಗಣಿತದ ಟೀಚರ್ ಬಾಡಿಗೆಗಿದ್ದರು. ಸಂಜೆ ಪಡಸಾಲೆಯಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ನಾನು ಬಾಗಿಲ ಹಿಂದೆ ಕೂತು ತೋಟದ ವೀಳ್ಯದೆಲೆ ಆರಿಸುತ್ತಿದ್ದೆ. ಆ ದಿನ ಅವರು ಕರಿ ಎಲೆ, ಬಿಳಿ ಎಲೆ ಬೆರೆತಿದ್ದ ನನ್ನ ಬುಟ್ಟಿಯನ್ನೇ ಒಯ್ದು ಮಕ್ಕಳ ನಡುವೆ ಇಟ್ಟರು. ಎಲೆ ಹರಿದದ್ದು ಅಂತ ಗೊತ್ತಾದ ಮೇಲೆ ಇಡೀ ಬುಟ್ಟಿಯನ್ನು ಮರೆಯಬೇಕು, ಹರಿದ ಎಲೆಗಳ ಗುಡ್ಡೆಯೊಳಗಷ್ಟೇ ಕರಿ ಎಲೆ ಎಷ್ಟು ಎಂದು ನೋಡಬೇಕು, ಅದು ಷರತ್ತುಬದ್ಧ ಸಂಭವನೀಯತೆ ಎಂದರು. ಒಬ್ಬ ಹುಡುಗಿ ಅದನ್ನು ತಿರುವಿ, ಕರಿ ಎಲೆಗಳಲ್ಲಿ ಹರಿದದ್ದನ್ನು ಎಣಿಸಿದಳು.

"ಖಾರಾ ಮಾರೋರೆಲ್ಲಾ ಸವಣೂರಿನವ್ರು ಅಂದ್ರ, ಸವಣೂರಿನವ್ರೆಲ್ಲಾ ಖಾರಾ ಮಾರ್ತಾರೇನು? ನಾ ಏನ್ ಮಾರಾಕತ್ತೇನಿ ಹೇಳು?" ಅಂದರು ಟೀಚರ್.

"ನೀವು ಮಾರಾಂಗಿಲ್ರಿ ಟೀಚರ್, ನಮ್ಮ ತಲಿ ತಿಂತೀರಿ."

ನಗು ನಿಂತ ಮೇಲೆ ಎರಡೂ ಗುಡ್ಡೆ ಮಾಡಿಸಿದರು. ಹರಿದ ಎಲೆಗಳಲ್ಲಿ ಅರ್ಧ ಕರಿ, ಹರಿಯದವುಗಳಲ್ಲೂ ಅರ್ಧ ಕರಿ. ಅಂದರೆ ಹರಿಯುವುದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ, ಅವು ಸ್ವತಂತ್ರ ಘಟನೆಗಳು. ಒಂದೇ ಗುಡ್ಡೆ ನೋಡಿ ಇದನ್ನು ಹೇಳಲು ಬರುವುದಿಲ್ಲ ಎಂದರು.

ನನ್ನ ಕೈ ನಿಂತಿತು. ನಿಮ್ಮ ಅವ್ವನ ಚೀಲದಲ್ಲಿ ಕ್ಯಾಲೆಂಡರಿನ ಒಂದು ಹಾಳೆ ಇತ್ತು. ಮಗ ಕುಡಿದು ಬಂದ ದಿನಕ್ಕೆ ಗೀಟು ಹಾಕು, ಸ್ವಾಮಿಗಳಿಗೆ ತೋರಿಸೋಣ ಎಂದು ಅವಳ ಅತ್ತೆ ಹೇಳಿದ್ದರು. ಹೊಡೆದ ದಿನಕ್ಕೆ ಇವಳು ತಾನಾಗಿ ಚುಕ್ಕಿ ಇಟ್ಟಿದ್ದಳು. ನಾವೆಲ್ಲ ಗೀಟಿನ ಮೇಲಿನ ಚುಕ್ಕಿಗಳನ್ನೇ ನೋಡಿದ್ದೆವು.

ಮಕ್ಕಳು ಹೋದ ಮೇಲೆ ಎಣಿಸಿದೆ. ಕುಡಿದ ದಿನ ಹನ್ನೆರಡು, ಅದರಲ್ಲಿ ಚುಕ್ಕಿ ನಾಲ್ಕು. ಕುಡಿಯದ ದಿನ ಹತ್ತೊಂಬತ್ತು, ಅದರಲ್ಲಿ ಚುಕ್ಕಿ ಆರು. ಒಂದೊಂದು ಚುಕ್ಕಿ ಏನೆಂದು ನಿಮ್ಮ ಅವ್ವ ಹೇಳಿದಳು. ಇದು ಬೆಲ್ಟಿನದು, ಇದು ಹೊಟ್ಟೆಗೆ ಒದ್ದದ್ದು, ಇದು ಕಾದ ತವೆಯಿಂದ ಬೆನ್ನು ಸುಟ್ಟದ್ದು. ತವೆಯ ದಿನ ಶ್ರಾವಣ ಸೋಮವಾರ, ಅವನು ಒಪ್ಪತ್ತು ಮಾಡಿದ್ದ.

ಹಾಳೆಯನ್ನು ಟೀಚರಿಗೆ ತೋರಿಸಿದೆ. ಒಂದು ತಿಂಗಳ ಲೆಕ್ಕ ಸಣ್ಣದು, ಖಚಿತ ಹೇಳಲಾಗದು, ಆದರೆ ಎರಡೂ ಗುಡ್ಡೆಯಲ್ಲಿ ಹತ್ತಿರ ಹತ್ತಿರ ಮೂರಕ್ಕೊಂದು ಎಂದರು. ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, "ಈ ಹೊಡ್ತಕ್ಕ ಕುಡಿತ ಕಾರಣ ಅಲ್ರಿ ಅವ್ವಾರ," ಅಂದರು.

ಸೋಮವಾರ ಮೂವರು ಹಿರಿಯರ ಜೊತೆ ನಿಮ್ಮ ಅಪ್ಪ ಬಂದ, ಹಣೆ ತುಂಬ ವಿಭೂತಿ. ಮೈದುನನೂ ಬಂದಿದ್ದ. ನಿಮ್ಮಿಬ್ಬರನ್ನು ಟೀಚರ್ ತಮ್ಮ ಕೋಣೆಯಲ್ಲಿ ಕೂರಿಸಿ ಚಿಲಕ ಹಾಕಿದರು. ಕೈ ಮುರಿದ ದಿನ ಗಂಡ ಕುಡಿದಿದ್ದನೋ ಇಲ್ಲವೋ ಎಂದು ಹಿರಿಯರು ಕೇಳಿದರು. ನಿಮ್ಮ ಅವ್ವ ಹೌದೆಂದಳು. ಮುಗಿಯಿತಲ್ಲ, ಈಗ ಬಿಟ್ಟಿದ್ದಾನೆ ಎಂದರು. ಮೈದುನ ಅವಳ ಚೀಲವನ್ನು ಹೊರಗಿಟ್ಟ.

ಗಂಡಸರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. ಒಂದು ಕೈಯಲ್ಲಿ ಆ ಹಾಳೆ, ಇನ್ನೊಂದರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತು, "ಕುಡೀಲಾರದ ದಿನಾ ಆರು ಸಲ ಹೊಡ್ದಾನ್ರಿ. ಅವನ್ನೂ ಎಣಸ್ರಿ," ಅಂದೆ.

ನಿಮ್ಮ ಅಪ್ಪ ಎದ್ದ. ಹಾಳೆ ಕಿತ್ತುಕೊಳ್ಳುತ್ತಾನೆ ಅಂದುಕೊಂಡೆ. ನೀರು ಕೊಟ್ಟಿದ್ದ ಹಿತ್ತಾಳೆ ತಂಬಿಗೆಯಿಂದ ನನ್ನ ಬಾಯಿಗೆ ಹೊಡೆದ. ಎರಡು ಹಲ್ಲು ಸೆರಗಿನಲ್ಲಿ ಬಿದ್ದವು. ಅಡ್ಡ ಬಂದ ನಿಮ್ಮ ಅವ್ವನ ಪ್ಲಾಸ್ಟರಿನ ಕೈಯನ್ನೇ ಹಿಡಿದು ತಿರುಚಿದ. ಅವಳ ಚೀರಾಟಕ್ಕೆ ಓಣಿಯವರು ಓಡಿ ಬಂದರು. ಅವನನ್ನು ನೆಲಕ್ಕೆ ಕೆಡವಲು ಮೂರು ಜನ ಬೇಕಾಯಿತು. ಮೈದುನ ಅವನ ಬಾಯಿಗೆ ಮೂಗು ಹಿಡಿದು ನೋಡಿದ.

"ವಾಸನಿ ಇಲ್ಲ," ಅಂದ.

ಒಬ್ಬ ಹಿರಿಯರು ಆಗಲೂ, ಸಿಟ್ಟಿನ ಭರದಲ್ಲಿ ಆಗಿದೆ, ಹುಡುಗಿ ಬರಲಿ ಎಂದರು.

"ಹಂಗಾರ ನಿಮ್ಮ ಮಗಳ್ನ ಕಳಸ್ರಿ," ಅಂದಳು ನಿಮ್ಮ ಅವ್ವ, ನೆಲದ ಮೇಲಿಂದಲೇ.

ಮೈದುನ ಯಾರ ಮುಖವನ್ನೂ ನೋಡದೆ ಚೀಲವನ್ನು ಒಳಗೆ ತಂದಿಟ್ಟ. ಟೀಚರ್ ನನ್ನ ಬಾಯಿಗೆ ಅರಿವೆ ಒತ್ತಿ ಹಿಡಿದು, ನಮ್ಮಿಬ್ಬರನ್ನೂ ಆಟೋದಲ್ಲಿ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು. ನನಗೆ ಮಾತಾಡಲು ಆಗಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹರವಿ, ಗೀಟಿಲ್ಲದ ಚುಕ್ಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿದೆ.