ಇಳಿಜಾರು ಯಾರ ಕಡೆಗೆ?

ಮನೆಮನೆಗೆ ನಲ್ಲಿ ಬಾರದ ಕಾಲ. ಹರಿಹರದಲ್ಲಿ ಒಂದೇ ಸೂರಿನ ಎರಡು ಮನೆಗಳ ಮಾಡಿನ ನೀರು ಹಿಡಿಯುವ ತಗಡಿನ ದೋಣಿ ನಡುವೆ ಜೋತು, ಮಳೆನೀರು ನಿಲ್ಲುತ್ತಿತ್ತು. ತಗಡು ಕೆಲಸದವನಾದ ನಾನು ರಿಪೇರಿಗೆಂದು ದಾವಣಗೆರೆಯಿಂದ ಹೋಗಿ ಏಣಿ ಹತ್ತಿ, ಇಳಿಜಾರು ಯಾವ ಕಡೆ ಕೊಡಲಿ ಅಂದೆ.

"ಬೀಬಮ್ಮನ ಕಡೆ ಕೊಡ್ರಿ. ಬಾವಿ ನೀರು ಸವಳು ಐತೆ, ಆಕೆ ಬೇಳೆ ಬೇಯಲ್ಲ" ಅಂದರು ಒಂದು ಮನೆಯ ಗೌರಮ್ಮ.

ಪಕ್ಕದ ಬಾಗಿಲಿಂದ ಬೀಬಮ್ಮ ಸಿಡುಕಿದರು. "ನಮ್ ಕಡೆ ಬ್ಯಾಡ್ರಿ! ಅಕ್ಕನ ಮನೇಲಿ ಬಾಣಂತಿ ಇದಾಳೆ, ಅಲ್ಲಿಗೇ ಹರೀಲಿ."

ಇಬ್ಬರೂ ಜಗ್ಗಲಿಲ್ಲ. ನನಗೂ ರೇಗಿತು. ಎರಡೂ ತುದಿ ಎತ್ತಿ ಕಟ್ಟಿ, ನಡುವೆ ತೂತು ಕೊರೆದು, ಕೆಳಗೆ ಒಂದೇ ಹಂಡೆ ಇಡಿಸಿದೆ.

ಮೊದಲ ಮಳೆಗೆ ನೋಡಲು ಹೋದರೆ ಹಂಡೆ ತುಂಬಿ ನೀರೆಲ್ಲ ಮೋರಿಗೆ ಹರಿಯುತ್ತಿತ್ತು. ಇಬ್ಬರೂ ಬರಿ ಕೊಡ ಹಿಡಿದು ನಿಂತಿದ್ದರು.

"ನೀನ್ ಮೊದ್ಲು ತುಂಬ್ಕೊ!"

"ನೀವ್ ಮೊದ್ಲು, ಅಕ್ಕಾ!"

ತಗಡಾದರೆ ಹೇಗಾದರೂ ಬಗ್ಗಿಸುತ್ತಿದ್ದೆ.